ಶಿಲಾಖಂಡವೂ ಅದರ ಚೀಟಿಯೂ: ಘಟ್ಟದ ಮೇಲಿನ ನಾಡಿನಲ್ಲಿ ಪರದೇಶೀಯರ ಭೂಗರ್ಭಾನ್ವೇಷಣೆ

ಶಾಸನಶಿಲೆಯೊಂದು ತನ್ನ ಮೂಲಸ್ಥಳದಿಂದ ಕದಲಿದರೆ ಅದರ ಅರ್ಧ ಸಾಕ್ಷ್ಯ ನಷ್ಟವಾದಂತೆಯೇ ಎಂಬ ಮಾತನ್ನು ಇತಿಹಾಸದ ಅಧ್ಯಾಪಕರಾದ ನಾವು ತರಗತಿಗಳಲ್ಲಿ ಹಲವು ಸಲ ಹೇಳುತ್ತೇವೆ. ದಾನಶಾಸನವು ಯಾವ ಗುಡಿಯ ಮುಂದೆ, ಯಾವ ಕೆರೆಯ ಏರಿಯ ಮೇಲೆ ನಿಂತಿತ್ತೆಂಬುದು ತಿಳಿಯದೆ ಹೋದರೆ ಅದರಲ್ಲಿ ಹೇಳಿರುವ ಗದ್ದೆಯ ಚತುಸ್ಸೀಮೆಯನ್ನು ಗುರುತಿಸುವ ಬಗೆಯಾದರೂ ಎಂತು? ಅಕ್ಷರವಿಲ್ಲದ ಕಲ್ಲಿಗೂ ಇದೇ ನಿಯಮ ಅನ್ವಯಿಸುವುದೆಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸಿಲ್ಲ. ಭೂಗರ್ಭಶಾಸ್ತ್ರಜ್ಞನು ಸುತ್ತಿಗೆಯಿಂದ ಒಡೆದು ತಂದ ಶಿಲಾಖಂಡವು ಸಾಕ್ಷ್ಯವೆನಿಸಿಕೊಳ್ಳುವುದು ಅದರೊಡನೆ ಬಂದ ಚೀಟಿಯಿಂದ. ಚೀಟಿ ಕಳೆದರೆ ಉಳಿಯುವುದು ಬರಿಯ ಕಲ್ಲು. ನಮ್ಮ ನಾಡಿನ ಶಿಲೆಗಳ ವಿಷಯದಲ್ಲಿ ಈ ಚೀಟಿಯನ್ನು ಮೊದಲು ಬರೆದವರು ಬಹುಮಟ್ಟಿಗೆ ಪರದೇಶೀಯರು. ಅವರು ಏನನ್ನು ಬರೆದರು, ಏನನ್ನು ಬಿಟ್ಟರು, ಅದರಿಂದ ನಮಗೆ ಆದ ಲಾಭನಷ್ಟಗಳಾವುವು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರದೇಶದಲ್ಲಿ ಕ್ಷೇತ್ರಕಾರ್ಯವೆಂದೊಡನೆ ಇಂದಿನ ವಿದ್ಯಾರ್ಥಿಯ ಕಣ್ಣಿಗೆ ಕಟ್ಟುವುದು ಐಸ್‌ಲೆಂಡಿನ ಜ್ವಾಲಾಮುಖಿಗಳು, ಆಲ್ಪ್ಸ್ ಪರ್ವತದ ಹಿಮನದಿಗಳು. ಹತ್ತೊಂಬತ್ತನೆಯ ಶತಮಾನದ ಆಂಗ್ಲ ಭೂಗರ್ಭಶಾಸ್ತ್ರಜ್ಞನಿಗಾದರೋ ಪರದೇಶವೆಂಬುದು ನಮ್ಮ ಅಂಗಳವೇ ಆಗಿತ್ತು. ಯಲ್ಲಾಪುರ ತಾಲೂಕಿನ ನಂದೊಳ್ಳಿಯಂಥ ಊರನ್ನೇ ತೆಗೆದುಕೊಳ್ಳೋಣ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಊರುಗಳ ರಚನೆ ಹೆಚ್ಚುಕಡಿಮೆ ಒಂದೇ ತೆರ: ಕಣಿವೆಯ ತಂಪಿನಲ್ಲಿ ಅಡಕೆಯ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ಅದಕ್ಕೂ ಮೇಲೆ ಹುಲ್ಲು ಬೆಳೆಯುವ ಬೇಣ. ಮಣ್ಣನ್ನು ಸ್ವಲ್ಪ ಕೆದಕಿದರೆ ಕೆಂಪು ಚಿರೆಕಲ್ಲು. ಮನೆಯ ಗೋಡೆ, ಬಾವಿಯ ಕಟ್ಟೆ, ತೋಟದ ಪಾಗಾರ ಎಲ್ಲಕ್ಕೂ ಇದೇ ಕಲ್ಲು. ಊರಿನವರಿಗೆ ನಿತ್ಯದ ವಸ್ತುವಾದ ಈ ಕಲ್ಲೇ ವಿಜ್ಞಾನಪ್ರಪಂಚಕ್ಕೆ ನಮ್ಮ ಕರಾವಳಿ-ಮಲೆನಾಡುಗಳು ಕೊಟ್ಟ ಬಹು ದೊಡ್ಡ ಕಾಣಿಕೆ ಎಂದರೆ ಅತಿಶಯೋಕ್ತಿಯಾಗದು.

ಟಿಪ್ಪು ಸುಲ್ತಾನನು 1799ರಲ್ಲಿ ಮಡಿದ ಬಳಿಕ ಹೊಸದಾಗಿ ಕೈಸೇರಿದ ಸೀಮೆಗಳ ಬೆಳೆ, ಕಸುಬು, ಖನಿಜಾದಿಗಳ ವೃತ್ತಾಂತವನ್ನು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ನಿಯಮಿಸಿದನು. ಸ್ಕಾಟ್ಲೆಂಡಿನವರಾದ ಬುಕಾನನರು ಎಡಿನ್‌ಬರೋದಲ್ಲಿ ಕಲಿತವರು. ಸಸ್ಯಶಾಸ್ತ್ರದಲ್ಲಿ ಅವರಿಗೆ ವಿಶೇಷ ಆಸಕ್ತಿ. 1800ನೆಯ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆ, ಕೊಯಮತ್ತೂರು, ಮಲಬಾರುಗಳನ್ನು ಸುತ್ತಿ, ಮಂಗಳೂರಿನಿಂದ ಕರಾವಳಿಗುಂಟ ಉತ್ತರಕ್ಕೆ ನಡೆದು, 1801ರ ಆದಿಭಾಗದಲ್ಲಿ ಘಟ್ಟವೇರಿ ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿಗಳ ಮಾರ್ಗವಾಗಿ ಸಾಗಿದರು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವರ ಪ್ರವಾಸಗ್ರಂಥವನ್ನು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕಂದಾಯ, ಗೇಣಿ, ಜಾತಿಗಳ ಮಾಹಿತಿಗಾಗಿ ತೆರೆಯುತ್ತಾರೆ. ಹವ್ಯಕರ ಅಡಕೆತೋಟಗಳನ್ನೂ ಮೆಣಸಿನ ಬಳ್ಳಿಗಳನ್ನೂ ಕುರಿತ ಅದರ ಪುಟಗಳು ಪ್ರಸಿದ್ಧವೇ. ಕಲ್ಲನ್ನು ಕುರಿತ ಪುಟಗಳನ್ನು ಓದುವವರು ಕಡಿಮೆ.

1800ನೆಯ ಡಿಸೆಂಬರಿನಲ್ಲಿ ಮಲಬಾರಿನ ಅಂಗಡಿಪುರದಲ್ಲಿ, ಎಂದರೆ ಇಂದಿನ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ, ಬುಕಾನನರು ಈ ಕೆಂಪುಕಲ್ಲನ್ನು ಸಾವಧಾನವಾಗಿ ಪರೀಕ್ಷಿಸಿದರು. ಅಗೆಯುವಾಗ ಮೆತ್ತಗಿದ್ದು ಕಬ್ಬಿಣದ ಹತಾರಿನಿಂದ ಇಟ್ಟಿಗೆಯ ಆಕಾರಕ್ಕೆ ಕೊಯ್ಯಬಹುದು. ಗಾಳಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ. ಮಳೆಗಾಳಿಗಳನ್ನು ಸುಟ್ಟ ಇಟ್ಟಿಗೆಗಿಂತಲೂ ಚೆನ್ನಾಗಿ ತಡೆದುಕೊಳ್ಳುತ್ತದೆ. ಇಷ್ಟನ್ನು ಬರೆದು, ದೇಶಭಾಷೆಗಳಲ್ಲಿ ಇದನ್ನು ಇಟ್ಟಿಗೆಕಲ್ಲೆಂದು ಕರೆಯುವುದುಂಟೆಂದು ಸೂಚಿಸಿ, ಆ ಅರ್ಥವನ್ನೇ ಲ್ಯಾಟಿನ್ನಿಗೆ ತಿರುಗಿಸಿ 'ಲ್ಯಾಟರೈಟ್' ಎಂಬ ಹೆಸರನ್ನಿಟ್ಟರು. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಇಂದು ಬ್ರೆಜಿಲಿನಲ್ಲಿ, ಆಫ್ರಿಕಾದಲ್ಲಿ, ಆಸ್ಟ್ರೇಲಿಯಾದಲ್ಲಿ ಇದೇ ಜಾತಿಯ ಕಲ್ಲನ್ನು ಕಂಡಾಗ ಪಂಡಿತರು ಬಳಸುವುದು ಈ ಶಬ್ದವನ್ನೇ. 1979ರಲ್ಲಿ ಭಾರತೀಯ ಭೂಗರ್ಭ ಸರ್ವೇಕ್ಷಣ ಇಲಾಖೆ ಅಂಗಡಿಪುರದಲ್ಲಿ ಚಿರೆಕಲ್ಲಿನ ಸ್ಮಾರಕವೊಂದನ್ನು ನಿಲ್ಲಿಸಿತು. ಮಲೆನಾಡಿನಲ್ಲಿ ಕೆಲವೆಡೆ ಚಿರೆಕಲ್ಲಿಗೆ ಇಂದಿಗೂ ಜಂಬಿಟ್ಟಿಗೆ ಎಂಬ ಹೆಸರಿದೆ; ಅದರಲ್ಲಿಯೂ ಇರುವುದು ಇಟ್ಟಿಗೆಯೇ. ವಿಜ್ಞಾನದ ಪಾರಿಭಾಷಿಕ ಪದವೊಂದು ಮೂಲತಃ ಕಲ್ಲು ಕಡಿಯುವವರ ಆಡುಮಾತಿನ ಅನುವಾದವೆಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಬರುವುದಿಲ್ಲ. ಬುಕಾನನರು ಆ ಮಾತನ್ನು ದಾಖಲಿಸಿದರೆಂಬುದಕ್ಕೆ ನಾವು ಕೃತಜ್ಞರಾಗಿರಬೇಕು. ಅದನ್ನು ಹೇಳಿದವರು ಯಾರೆಂಬುದು ಆ ಪುಟದಲ್ಲಿಲ್ಲ.

ಬುಕಾನನರ ಬಳಿಕ ನಾಲ್ಕು ದಶಕಗಳಲ್ಲಿ ಮದರಾಸು ಸೈನ್ಯದ ಅಧಿಕಾರಿ ಥಾಮಸ್ ಜಾನ್ ನ್ಯೂಬೋಲ್ಡರು ದಕ್ಷಿಣ ಭಾರತದ ಭೂಗರ್ಭವನ್ನು ಕುರಿತು ವಿಸ್ತಾರವಾಗಿ ಬರೆದರು. ಬೀದರಿನ ಚಿರೆಕಲ್ಲನ್ನೂ ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನೂ ವಿವರಿಸಿದವರು ಇವರೇ. ಇವರು 1850ರಲ್ಲಿ ಮಹಾಬಳೇಶ್ವರದಲ್ಲಿ ತೀರಿಕೊಂಡರು. ಬುಕಾನನರಾಗಲಿ ನ್ಯೂಬೋಲ್ಡರಾಗಲಿ ವ್ಯವಸ್ಥಿತ ಇಲಾಖೆಯೊಂದರ ನೌಕರರಲ್ಲ. 1851ರಲ್ಲಿ ಥಾಮಸ್ ಓಲ್ಡ್‌ಹ್ಯಾಮರ ಅಧೀನದಲ್ಲಿ ಕಲ್ಕತ್ತೆಯಲ್ಲಿ ಸರ್ವೇಕ್ಷಣ ಇಲಾಖೆ ಸ್ಥಾಪಿತವಾದ ಮೇಲೆಯೇ ಶಿಲಾಸಂಗ್ರಹಣೆ ಒಂದು ಕ್ರಮಕ್ಕೆ ಬಂದಿತು. ಆ ಕ್ರಮದ ಅತ್ಯುತ್ತಮ ಪ್ರತಿನಿಧಿ ರಾಬರ್ಟ್ ಬ್ರೂಸ್ ಫೂಟರು.

ಫೂಟರು ಹುಟ್ಟಿದುದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ; ಇಲಾಖೆಗೆ ಸೇರಿದುದು 1858ರಲ್ಲಿ. 1863ನೆಯ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಚಿರೆಕಲ್ಲಿನ ಗರಸನ್ನು ತೋಡಿದ ಗುಂಡಿಯೊಂದರಿಂದ ಅವರಿಗೆ ಆದಿಮಾನವನ ಕೈಗೊಡಲಿ ದೊರೆಯಿತು. ಭಾರತದ ಪ್ರಾಗಿತಿಹಾಸದ ಅಧ್ಯಯನ ಆರಂಭವಾಗುವುದು ಆ ದಿನದಿಂದ. ಇದನ್ನು ಆಕಸ್ಮಿಕವೆಂದು ತಳ್ಳಿಹಾಕಲಾಗದು. ಶಿಲೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುವ, ಒಡೆದ ಮುಖ ನೈಸರ್ಗಿಕವೋ ಕೃತಕವೋ ಎಂದು ವಿವೇಚಿಸುವ ಅಭ್ಯಾಸವಿದ್ದವನಿಗೆ ಮಾತ್ರ ಆ ಗುಂಡಿಯಲ್ಲಿ ಅದು ಆಯುಧವಾಗಿ ಕಂಡಿತು. ಮುಂದೆ ಅವರು ದಕ್ಷಿಣ ಮಹಾರಾಷ್ಟ್ರ ಪ್ರಾಂತವೆಂದು ಆಗ ಕರೆಯಲಾಗುತ್ತಿದ್ದ ಬೆಳಗಾವಿ, ಧಾರವಾಡ, ಕಲಾದಗಿ ಸೀಮೆಗಳನ್ನು ಅಳೆದು 1876ರಲ್ಲಿ ಬೃಹತ್ ವರದಿಯನ್ನು ಪ್ರಕಟಿಸಿದರು. 1880ರ ದಶಕದಲ್ಲಿ ಈ ನಾಡಿನ ಅತಿ ಪ್ರಾಚೀನ ಪದರಶಿಲೆಗಳ ಸಮೂಹವನ್ನು ಬೇರೆಯಾಗಿ ಗುರುತಿಸಿ ಅದಕ್ಕೆ ಧಾರವಾಡ ಪಟ್ಟಣದ ಹೆಸರನ್ನು ಕೊಟ್ಟರು. ಊರೊಂದರ ಹೆಸರು ಚೀಟಿಯಿಂದೆದ್ದು ಶಾಸ್ತ್ರದ ಸಂಜ್ಞೆಯಾದ ಸಂದರ್ಭವಿದು. ಶಿರಸಿ, ಸಿದ್ದಾಪುರಗಳ ಚಿರೆಕಲ್ಲಿನ ಹೊದಿಕೆಯ ಕೆಳಗೆ ಬಹುಭಾಗದಲ್ಲಿ ಇರುವುದು ಈ ಧಾರವಾಡ ಸಮೂಹದ ಶಿಲೆಗಳೇ.

ಫೂಟರ ವಿಶೇಷವೆಂದರೆ ಅವರು ಹೆಕ್ಕಿದ ಪ್ರತಿಯೊಂದು ವಸ್ತುವಿಗೂ ಸ್ಥಳನಿರ್ದೇಶವನ್ನು ಕೊಡಲು ಶ್ರಮಿಸಿದುದು. ಅವರ ಸ್ವಂತ ಸಂಗ್ರಹವನ್ನು 1904ರಲ್ಲಿ ಮದರಾಸು ಸರ್ಕಾರ ತನ್ನ ವಸ್ತುಸಂಗ್ರಹಾಲಯಕ್ಕಾಗಿ ಕೊಂಡಿತು. ಅವರು 1912ರಲ್ಲಿ ನಿಧನರಾದ ಮೇಲೆ, 1914 ಮತ್ತು 1916ರಲ್ಲಿ, ಅದರ ವಿವರಣಾತ್ಮಕ ಸೂಚಿ ಎರಡು ಭಾಗಗಳಾಗಿ ಹೊರಬಂದಿತು. ಸೂಚಿಯ ಬಲದಿಂದ ಮುಂದಿನ ವಿದ್ವಾಂಸರು ಅದೇ ಹೊಳೆಯ ದಂಡೆಗೆ, ಅದೇ ಗುಡ್ಡದ ಬುಡಕ್ಕೆ ಮರಳಿ ಹೋಗಬಲ್ಲವರಾದರು. ಮಲಪ್ರಭಾ ಕಣಿವೆಯಲ್ಲಿ ಫೂಟರು ಕಂಡ ನೆಲೆಗಳ ಜಾಡನ್ನು ಹಿಡಿದೇ ಆರ್. ವಿ. ಜೋಶಿಯವರು ಆ ಕಣಿವೆಯ ಆದಿಶಿಲಾಯುಗವನ್ನು ಅಭ್ಯಸಿಸಿ 1955ರಲ್ಲಿ ಗ್ರಂಥವನ್ನು ಪ್ರಕಟಿಸಿದುದು. ಬಳ್ಳಾರಿಯ ಬಳಿ ಸಂಗನಕಲ್ಲು-ಕುಪಗಲ್ಲುಗಳ ಗುಡ್ಡದಲ್ಲಿ ನವಶಿಲಾಯುಗದ ಕೊಡಲಿಗಳನ್ನು ರಾಶಿರಾಶಿಯಾಗಿ ತಯಾರಿಸುತ್ತಿದ್ದ ನೆಲೆಯನ್ನು ಫೂಟರು ವರ್ಣಿಸಿದ್ದರು. ಅಲ್ಲಿಯ ಕರಿಗಲ್ಲಿನ ಮಾದರಿಯನ್ನು ದೂರದ ಊರುಗಳ ಕೊಡಲಿಗಳೊಡನೆ ಹೋಲಿಸಿ ಅಂದಿನ ವಿನಿಮಯದ ದಾರಿಗಳನ್ನು ಊಹಿಸುವುದು ಸಾಧ್ಯ. ಇತ್ತೀಚಿನ ದಶಕಗಳಲ್ಲಿ ಜಲ್ಲಿಕಲ್ಲಿಗಾಗಿ ಆ ಗುಡ್ಡಗಳ ಭಾಗಗಳನ್ನು ಒಡೆಯಲಾಗಿದೆ. ಗುಡ್ಡವೇ ಹೋದ ಮೇಲೆ ಅದರ ಪರವಾಗಿ ಸಾಕ್ಷಿ ನುಡಿಯಬೇಕಾದುದು ಪೆಟ್ಟಿಗೆಯೊಳಗಿನ ತುಂಡು.

ಇಷ್ಟು ಮಹತ್ವದ ತುಂಡನ್ನು ಕ್ಷೇತ್ರದಲ್ಲಿ ಹೇಗೆ ನಿರ್ವಹಿಸುತ್ತಾರೆ? ಇತಿಹಾಸದ ವಿದ್ಯಾರ್ಥಿಗೂ ಇದು ತಿಳಿದಿರುವುದು ಒಳ್ಳೆಯದು. ಮೊದಲನೆಯದಾಗಿ, ಬಿಡಿಯಾಗಿ ಬಿದ್ದ ಕಲ್ಲನ್ನು ನಂಬಬಾರದು. ಅದು ನೀರಿನೊಡನೆ ಬಂದಿರಬಹುದು, ಗಾಡಿಯಿಂದ ಉದುರಿರಬಹುದು. ಬೇರೂರಿದ ಬಂಡೆಯಿಂದಲೇ ತುಂಡನ್ನು ತೆಗೆಯಬೇಕು. ತೆಗೆಯುವ ಮುನ್ನ ಬಂಡೆಯ ಪದರ ಯಾವ ದಿಕ್ಕಿಗೆ ಹರಿದಿದೆ, ಎಷ್ಟು ಓರೆಯಾಗಿದೆ ಎಂಬುದನ್ನು ದಿಕ್ಸೂಚಿಯಿಂದ ಅಳೆದು ಬರೆದುಕೊಳ್ಳಬೇಕು. ಕಲ್ಲು ಕೈಗೆ ಬಂದ ಮೇಲೆ ಈ ಮಾಹಿತಿಯನ್ನು ಅದು ಹೇಳಲಾರದು. ಹವೆಯಿಂದ ಕೊಳೆತ ಸಿಪ್ಪೆಯನ್ನು ಕಳೆದು ಒಳಗಿನ ಹೊಸ ಮುಖ ಕಾಣುವಂತೆ ಅಂಗೈಯಗಲದ ತುಂಡನ್ನು ರೂಪಿಸುತ್ತಾರೆ. ಸಂಖ್ಯೆಯನ್ನು ಕಲ್ಲಿನ ಮೇಲೂ ಚೀಲದ ಮೇಲೂ ಟಿಪ್ಪಣಿ ಪುಸ್ತಕದಲ್ಲೂ ಬರೆಯುತ್ತಾರೆ. ಮೂರರಲ್ಲಿ ಒಂದು ಅಳಿಸಿದರೂ ಎರಡು ಉಳಿಯಲೆಂದು. ಮೆತುವಾದ ಕಲ್ಲನ್ನೂ ಗಟ್ಟಿಕಲ್ಲನ್ನೂ ಒಂದೇ ಚೀಲಕ್ಕೆ ಹಾಕಿದರೆ ದಾರಿಯಲ್ಲಿ ಮೆತುಗಲ್ಲು ಸವೆಯುವುದರಿಂದ ಪ್ರತಿಯೊಂದನ್ನೂ ಕಾಗದದಲ್ಲಿ ಬೇರೆಬೇರೆಯಾಗಿ ಸುತ್ತುವುದು ರೂಢಿ. ಪ್ರಯೋಗಾಲಯದಲ್ಲಿ ಆ ತುಂಡಿನಿಂದ ಒಂದು ಚೂರನ್ನು ಕೊಯ್ದು, ಬೆಳಕು ಹಾಯುವಂತೆ ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಈ ವಿಧಾನಕ್ಕೆ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಬುನಾದಿ ಹಾಕಿದವರು ಷೆಫೀಲ್ಡಿನ ಹೆನ್ರಿ ಸಾರ್ಬಿಯವರು.

ಘಟ್ಟದ ಮೇಲಿನ ನಮ್ಮ ಸೀಮೆಯಲ್ಲಿ ಇದೆಲ್ಲ ಸುಲಭವಲ್ಲ. ಚಿರೆಕಲ್ಲೆಂಬುದು ಬೇರೊಂದು ಶಿಲೆ ಬಿಸಿಲು ಮಳೆಗಳಲ್ಲಿ ಬಹುಕಾಲ ಕೊಳೆತು, ಕಬ್ಬಿಣ, ಅಲ್ಯೂಮಿನಿಯಮ್ಮುಗಳ ಅಂಶವಷ್ಟೇ ಉಳಿದು ಆದುದು. ಮೂಲಶಿಲೆ ಅದರ ಅಡಿಯಲ್ಲಿ ಅಡಗಿರುತ್ತದೆ. ನಂದೊಳ್ಳಿಯ ಬೇಣದಲ್ಲಿ ದಿನವೆಲ್ಲ ಸುತ್ತಿಗೆ ಬಡಿದರೂ ಸಿಕ್ಕುವುದು ಕೆಂಪು ತೂತುಗಲ್ಲೇ. ಒಳಗಿನ ಶಿಲೆಯನ್ನು ನೋಡಬೇಕಾದರೆ ಹಳ್ಳದ ತಳಕ್ಕೆ, ಹೊಸದಾಗಿ ತೋಡಿದ ಬಾವಿಗೆ, ರಸ್ತೆಗಾಗಿ ಕಡಿದ ದರೆಗೆ ಹೋಗಬೇಕು. ಬೇಡ್ತಿ ನದಿ ಮಾಗೋಡಿನಲ್ಲಿ ಧುಮುಕುವ ಕಡೆ ನದಿಯೇ ಭೂಗರ್ಭಶಾಸ್ತ್ರಜ್ಞನ ಕೆಲಸವನ್ನು ಮಾಡಿಟ್ಟಿದೆ. ಆದರೆ ಎಲ್ಲಿ ಬಾವಿ ತೋಡುತ್ತಿದ್ದಾರೆ, ಯಾವ ಹಳ್ಳದಲ್ಲಿ ಹಾಸುಗಲ್ಲಿದೆ, ಬೇಸಗೆಯಲ್ಲಿ ಎಲ್ಲಿಗೆ ಇಳಿಯಬಹುದು ಎಂಬುದನ್ನು ಹೇಳಬಲ್ಲವರು ಊರಿನವರು ಮಾತ್ರ. ಅಂದಿನ ಸರ್ವೇಕ್ಷಣದ ಅಧಿಕಾರಿಗಳು ಮಳೆಗಾಲವನ್ನು ಕಚೇರಿಯಲ್ಲಿ ಕಳೆದು ಚಳಿಗಾಲ ಬೇಸಗೆಗಳಲ್ಲಿ ಡೇರೆ ಹೊತ್ತು ತಿರುಗುತ್ತಿದ್ದರು. ದಾರಿ ತೋರಿಸಿದವರು, ಕಲ್ಲಿನ ಮೂಟೆಯನ್ನು ಹೊತ್ತವರು, ಎತ್ತಿನ ಗಾಡಿಯಲ್ಲಿ ಸಾಗಿಸಿದವರು ಇಲ್ಲಿಯವರೇ. ಚೀಟಿಯಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಇದನ್ನು ದುರುದ್ದೇಶವೆನ್ನುವುದಕ್ಕಿಂತ ಆ ಕಾಲದ ರೂಢಿಯೆನ್ನುವುದು ನ್ಯಾಯ. ಆದರೂ ರೂಢಿಯ ಪರಿಣಾಮವಾಗಿ ಕಲ್ಲಿನ ಸ್ಥಳೀಯ ಹೆಸರು, ಊರವರು ಅದರ ಬಗ್ಗೆ ಬಲ್ಲ ಗುಣ, ಅದರ ಉಪಯೋಗ ಇವೆಲ್ಲ ಕೈಬಿಟ್ಟುಹೋದವು. ಇಟ್ಟಿಗೆಕಲ್ಲು ಎಂಬೊಂದು ಮಾತು ಉಳಿದುದು ಅಪವಾದ.

ರಾಜಕೀಯದ ಗಡಿಗಳು ಮಾಡಿದ ತೊಡಕು ಇನ್ನೊಂದು ಬಗೆಯದು. ಉತ್ತರ ಕನ್ನಡ ಜಿಲ್ಲೆ 1862ರ ವರೆಗೆ ಮದರಾಸು ಪ್ರಾಂತಕ್ಕೂ, ಬಳಿಕ 1956ರ ವರೆಗೆ ಮುಂಬಯಿ ಪ್ರಾಂತಕ್ಕೂ ಸೇರಿತ್ತು. ಪಕ್ಕದ ಸೊರಬ, ಸಾಗರಗಳು ಮೈಸೂರು ಸಂಸ್ಥಾನದವು. ಸಂಸ್ಥಾನವು 1894ರಲ್ಲಿ ತನ್ನದೇ ಭೂಗರ್ಭ ಇಲಾಖೆಯನ್ನು ತೆರೆದು ನಿವೃತ್ತರಾಗಿದ್ದ ಫೂಟರನ್ನೇ ಅದಕ್ಕೆ ಕರೆಸಿಕೊಂಡಿತು. ಮುಂದೆ ಸ್ಮೀತರ ನೇತೃತ್ವದಲ್ಲಿ ಸಂಸ್ಥಾನದ ಶಿಲೆಗಳನ್ನು ತಾಲೂಕು ತಾಲೂಕಾಗಿ ಶೋಧಿಸಿ ನಕ್ಷೆ ಮಾಡಿತು. ಭಾರತದಲ್ಲಿ ದೇಶೀಯ ಸಂಸ್ಥಾನವೊಂದು ಮಾಡಿದ ಶ್ಲಾಘ್ಯವಾದ ಕಾರ್ಯಗಳಲ್ಲಿ ಇದೊಂದು. ಆದರೆ ಆ ನಕ್ಷೆ ಸೊರಬದ ಎಲ್ಲೆಯಲ್ಲಿ ನಿಂತುಬಿಟ್ಟಿತು. ಕಲ್ಲು ಮಾತ್ರ ನಿಲ್ಲದೆ ಸಿದ್ದಾಪುರದೊಳಕ್ಕೆ ಹರಿದಿದೆ! ಒಂದೇ ಶಿಲಾಶ್ರೇಣಿಯ ಎರಡು ತುದಿಗಳು ಎರಡು ಇಲಾಖೆಗಳ ಪಾಲಾದುವು; ಒಂದರ ಕಡತ ಬೆಂಗಳೂರಿಗೆ, ಇನ್ನೊಂದರದು ಕಲ್ಕತ್ತೆಗೆ. ಇಂದು ಈ ಸೀಮೆಯ ಭೂಗರ್ಭದ ಇತಿಹಾಸವನ್ನು ಬರೆಯಹೊರಟವನು ಎರಡು ಕಡೆಗಳ ವರದಿಗಳನ್ನೂ ಕೂಡಿಸಿ ಓದಬೇಕಾಗಿದೆ.

ಸ್ಥಳನಾಮಗಳ ಸಂಗತಿ ಇದಕ್ಕಿಂತ ಸೂಕ್ಷ್ಮ. ಹಳೆಯ ಚೀಟಿಯೊಂದರಲ್ಲಿ 'ಫ್ರೆಂಚ್ ರಾಕ್ಸ್' ಎಂದಿದ್ದರೆ ಅದು ಫ್ರಾನ್ಸಿನ ಕಲ್ಲಲ್ಲ. ಹೈದರ್, ಟಿಪ್ಪುಗಳ ಕಾಲದ ಫ್ರೆಂಚ್ ಸಿಪಾಯಿಗಳ ಪಾಳೆಯದಿಂದ ಆ ಹೆಸರನ್ನು ಪಡೆದ, ಮಂಡ್ಯ ಜಿಲ್ಲೆಯ ಇಂದಿನ ಪಾಂಡವಪುರ. ಊರಿನ ಇತಿಹಾಸ ಬಲ್ಲವನಿಗೆ ಮಾತ್ರ ಆ ಚೀಟಿ ಮಾತಾಡುತ್ತದೆ. ನಮ್ಮ ಜಿಲ್ಲೆಯದೇ ಉದಾಹರಣೆ ಬೇಕಾದರೆ ಸೂಪಾ ಇದೆ. ಕಾಳಿ ನದಿಗೆ ಗಣೇಶಗುಡಿಯಲ್ಲಿ 1980ರ ದಶಕದಲ್ಲಿ ಅಣೆಕಟ್ಟು ಮುಗಿದಾಗ ಸೂಪಾ ಪಟ್ಟಣ ಹಿನ್ನೀರಿನಲ್ಲಿ ಮುಳುಗಿತು. ತಾಲೂಕಿನ ಹೆಸರೂ ಜೋಯಿಡಾ ಎಂದಾಯಿತು. 'ಸೂಪಾ' ಎಂದು ಬರೆದ ಚೀಟಿಯೊಡನೆ ಒಂದು ತುಂಡು ಎಲ್ಲಿಯಾದರೂ ಇದ್ದರೆ ಅದರ ನೆಲೆಗೆ ಇನ್ನು ಯಾರೂ ಇಳಿದು ನೋಡುವಂತಿಲ್ಲ. ಅಲ್ಲಿ ಸಂಗ್ರಹವೇ ಮೂಲದ ಸ್ಥಾನಕ್ಕೆ ಏರಿದೆ. ಇಂಥ ತುಂಡುಗಳಿಗೆ ಭೂಗರ್ಭಶಾಸ್ತ್ರಜ್ಞನೂ ಇತಿಹಾಸಕಾರನೂ ಒಟ್ಟಿಗೆ ಹೊಣೆಗಾರರೆಂದು ನನ್ನ ಅಭಿಪ್ರಾಯ.

ಪರದೇಶದ ನೆಲದಲ್ಲಿ ಹೆಕ್ಕಿದ ಕಲ್ಲಿಗೆ ಮನುಷ್ಯನು ಎಷ್ಟು ಬೆಲೆ ಕೊಡಬಲ್ಲನೆಂಬುದಕ್ಕೆ ಪ್ರಪಂಚದ ಇತಿಹಾಸದಲ್ಲಿ ಒಂದು ದಾರುಣ ದೃಷ್ಟಾಂತವಿದೆ. ಅದಕ್ಕೂ ಭಾರತಕ್ಕೂ ನಂಟು ಉಂಟು. ಕ್ಯಾಪ್ಟನ್ ಸ್ಕಾಟರೂ ಅವರ ನಾಲ್ವರು ಸಂಗಡಿಗರೂ 1912ನೆಯ ಜನವರಿಯಲ್ಲಿ ದಕ್ಷಿಣ ಧ್ರುವವನ್ನು ಮುಟ್ಟಿ ಹಿಂದಿರುಗುವಾಗ, ಫೆಬ್ರವರಿಯಲ್ಲಿ, ಬಿಯರ್ಡ್‌ಮೋರ್ ಹಿಮನದಿಯ ಬಳಿಯ ಬಂಡೆಗಳಿಂದ ಡಾ. ವಿಲ್ಸನ್ನರ ನೇತೃತ್ವದಲ್ಲಿ ಶಿಲಾಖಂಡಗಳನ್ನು ಆಯ್ದರು. ಆಹಾರ ಸಾಲದು, ಮೈ ಬತ್ತಿತ್ತು, ಬಂಡಿಯನ್ನು ಮನುಷ್ಯರೇ ಎಳೆಯಬೇಕು. ಹಾಗಿದ್ದೂ ಸುಮಾರು 35 ಪೌಂಡು ತೂಕದ ಆ ಕಲ್ಲುಗಳನ್ನು ಅವರು ಕೊನೆಯವರೆಗೂ ಬಿಸುಡಲಿಲ್ಲ. 1912ರ ನವೆಂಬರಿನಲ್ಲಿ ಡೇರೆಯೊಳಗೆ ಸ್ಕಾಟ್, ವಿಲ್ಸನ್, ಬವರ್ಸರ ದೇಹಗಳು ದೊರೆತಾಗ ದಿನಚರಿಗಳೂ ಕಲ್ಲುಗಳೂ ಜೊತೆಯಲ್ಲಿಯೇ ಇದ್ದುವು. ಕಲ್ಲುಗಳಲ್ಲಿ ಗ್ಲಾಸಾಪ್ಟರಿಸ್ ಎಂಬ ಪುರಾತನ ಸಸ್ಯದ ಎಲೆಯಚ್ಚುಗಳನ್ನು 1914ರಲ್ಲಿ ಸೆವರ್ಡ್ ಎಂಬ ವಿದ್ವಾಂಸರು ಗುರುತಿಸಿದರು. ಇದೇ ಸಸ್ಯ ಭಾರತದ ಕಲ್ಲಿದ್ದಲಿನ ಪದರಗಳಲ್ಲಿ ಹೇರಳವಾಗಿ ದೊರೆಯುವುದು. ಆ ಪದರಗಳಿಗೆ ಮಧ್ಯಭಾರತದ ಗೊಂಡರ ನಾಡಿನಿಂದ ಗೊಂಡ್ವಾನ ಎಂಬ ಹೆಸರು ಬಂದಿದೆ. ಧ್ರುವಪ್ರದೇಶವೂ ನಮ್ಮ ಭೂಮಿಯೂ ಒಂದು ಕಾಲಕ್ಕೆ ಕೂಡಿದ್ದುವೆಂಬ ವಾದಕ್ಕೆ ಇದರಿಂದ ಪುಷ್ಟಿ ಬಂದಿತು. ದಿನಚರಿ ಇಲ್ಲದೆ ಕಲ್ಲಷ್ಟೇ ಸಿಕ್ಕಿದ್ದರೆ ಅವು ಧ್ರುವಮಾರ್ಗದ ಯಾವ ಬಂಡೆಯವೆಂದು ಹೇಳುವವರು ಯಾರೂ ಇರುತ್ತಿರಲಿಲ್ಲ.

1969ರಿಂದ 1972ರ ವರೆಗೆ ಚಂದ್ರನ ಮೇಲಿಳಿದ ಆರು ತಂಡಗಳು ಒಟ್ಟು 382 ಕಿಲೋಗ್ರಾಂ ಕಲ್ಲುಮಣ್ಣುಗಳನ್ನು ತಂದುವು. ಅಲ್ಲಿಯೂ ಅನುಸರಿಸಿದುದು ಇದೇ ಕ್ರಮ: ಕಲ್ಲು ಇದ್ದಲ್ಲಿಯೇ ಚಿತ್ರ ತೆಗೆಯುವುದು, ಎತ್ತಿದ ಮೇಲೆ ಖಾಲಿ ಜಾಗದ ಚಿತ್ರ ತೆಗೆಯುವುದು, ಸಂಖ್ಯೆಯಿರುವ ಚೀಲಕ್ಕೆ ಹಾಕುವುದು. ಕೊನೆಯ ತಂಡದಲ್ಲಿ ಹ್ಯಾರಿಸನ್ ಸ್ಮಿಟ್ ಎಂಬ ಭೂಗರ್ಭಶಾಸ್ತ್ರಜ್ಞನೇ ಇದ್ದನು. ಫೂಟರ ಟಿಪ್ಪಣಿ ಪುಸ್ತಕಕ್ಕೂ ಈ ವ್ಯವಸ್ಥೆಗೂ ಸಾಧನದಲ್ಲಿ ಭೇದವಿದೆಯಲ್ಲದೆ ತತ್ತ್ವದಲ್ಲಿ ಇಲ್ಲ.

ಇಂದು ನಮ್ಮ ವಿದ್ಯಾರ್ಥಿಗಳೂ ಪರದೇಶಗಳಿಗೆ ಕ್ಷೇತ್ರಕಾರ್ಯಕ್ಕೆ ಹೋಗುತ್ತಾರೆ. ಪರದೇಶದವರೂ ಇಲ್ಲಿಗೆ ಬರುತ್ತಾರೆ. ಇಬ್ಬರಿಗೂ ಅನ್ವಯಿಸುವ ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಬೇಕು. ಸಾಮಾನ್ಯ ಶಿಲೆಗೂ ಮಾನವನು ಕೆತ್ತಿದ ಶಿಲೆಗೂ ಕಾನೂನಿನಲ್ಲಿ ಅಂತರವುಂಟು. 1972ರ ಪುರಾವಸ್ತು ಅಧಿನಿಯಮದ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಮಾನವಕೃತ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಸಾಗಿಸುವಂತಿಲ್ಲ. ಶಿಲಾಯುಗದ ಕೊಡಲಿ ಭೂಗರ್ಭಶಾಸ್ತ್ರಜ್ಞನ ಚೀಲದೊಳಗೆ ಕ್ವಾರ್ಟ್‌ಜೈಟಿನ ತುಂಡಾಗಿ ಕುಳಿತಿರುವುದು ಸಂಭವವೇ. ಫೂಟರಂತೆ ತಿರುಗಿಸಿ ನೋಡುವ ಅಭ್ಯಾಸ ಆಗ ಉಪಯೋಗಕ್ಕೆ ಬರುತ್ತದೆ.

ಚೀಟಿಯ ವಿಷಯದಲ್ಲಿಯಾದರೋ ಕೆಲಸವನ್ನು ನಮ್ಮ ಊರುಗಳಿಂದಲೇ ಆರಂಭಿಸಬಹುದು. ನಂದೊಳ್ಳಿಯಲ್ಲಿ ಹೊಸ ಬಾವಿಯ ತಳದಿಂದ ತುಂಡೊಂದನ್ನು ತೆಗೆದ ವಿದ್ಯಾರ್ಥಿ 'ನಂದೊಳ್ಳಿ' ಎಂದಷ್ಟೇ ಬರೆದರೆ ಸಾಲದು. ಘಟ್ಟದ ಮೇಲಿನ ಊರೆಂದರೆ ದೂರದೂರಕ್ಕೆ ಚದುರಿದ ಮನೆಗಳು. ಮಜರೆಯ ಹೆಸರನ್ನು ಕನ್ನಡ ಲಿಪಿಯಲ್ಲಿ, ಊರವರು ಉಚ್ಚರಿಸುವಂತೆಯೇ ಬರೆಯಬೇಕು. ಸರ್ವೆ ನಂಬರು, ಅಕ್ಷಾಂಶ ರೇಖಾಂಶಗಳು, ಬಾವಿಯ ಬಾಯಿಯಿಂದ ಕಲ್ಲು ಸಿಕ್ಕ ಆಳ, ಅದರ ಮೇಲೆ ಚಿರೆಕಲ್ಲು ಎಷ್ಟು ಮೊಳ ದಪ್ಪವಿತ್ತೆಂಬುದು, ತೆಗೆದ ದಿನಾಂಕ ಇವಿಷ್ಟೂ ಇರಬೇಕು. ಬಾವಿ ತೋಡಿದವರು ಆ ಕಲ್ಲನ್ನು ಏನೆಂದು ಕರೆದರು ಎಂಬುದನ್ನು ಕೇಳಿ, ಅವರ ಮಾತಿನಲ್ಲಿಯೇ, ಅವರು ಒಪ್ಪಿದರೆ ಅವರ ಹೆಸರಿನೊಡನೆ, ಕೊನೆಯ ಸಾಲಿನಲ್ಲಿ ಬರೆದಿಡಬೇಕು.